ಬೆಲುಂ ಗವಿಯನ್ನು ಕಂಡವರು, ಅಳೆದವರು, ತೆರೆದವರು

ಬೆಲುಂ ಗುಹೆಯ ಬಗ್ಗೆ ಎಲ್ಲೇ ಓದಿದರೂ ಒಂದು ಸಾಲು ತಪ್ಪದೆ ಸಿಗುತ್ತದೆ: 1884ರಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದನ್ನು ಪತ್ತೆ ಮಾಡಿದರು. ಈ ಸಾಲು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಆಂಧ್ರಪ್ರದೇಶದ ತಾಡಿಪತ್ರಿಯಿಂದ ಸುಮಾರು 30 ಕಿ.ಮೀ. ದೂರ, ಈಗಿನ ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ ಮಂಡಲದಲ್ಲಿರುವ ಈ ಗುಹೆಯ ಬಾಯಿ ದಟ್ಟ ಕಾಡಿನಲ್ಲಿ ಅಡಗಿ ಕೂತಿಲ್ಲ, ಬೆಟ್ಟ ಹತ್ತಿ ಹುಡುಕಬೇಕಾದ್ದೂ ಅಲ್ಲ. ಚಪ್ಪಟೆ ಹೊಲಗಳ ನಡುವೆ, ಬಾವಿ ತೋಡಿದ ಹಾಗೆ ಮೂರು ಗುಂಡಿಗಳು. ನಡುವಿನ ಗುಂಡಿಯೇ ಮುಖ್ಯ ದ್ವಾರ. ಅಲ್ಲಿ ದನ ಕಾಯುವವರಿಗೆ ಆ ಗುಂಡಿ ಗೊತ್ತಿಲ್ಲದೆ ಒಂದು ದಿನವೂ ಸಾಗದು. ಗೊತ್ತಿಲ್ಲದಿದ್ದರೆ ಕತ್ತಲಾದ ಮೇಲೆ ಕರು ಕಳೆದುಕೊಳ್ಳುತ್ತಾರೆ. ಒಳಗೆ ಬೌದ್ಧರ ಕಾಲದ ಕುರುಹುಗಳು ಸಿಕ್ಕಿವೆ, ಅವು ಅನಂತಪುರದ ಮ್ಯೂಸಿಯಂನಲ್ಲಿವೆ. ಫೂಟ್ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಜನ ಇಲ್ಲಿ ಇಳಿದಿದ್ದಾರೆ, ಉಳಿದಿದ್ದಾರೆ.

ಇನ್ನೊಂದು ಕಡೆಯಿಂದ ನೋಡಿದರೂ ಆ ಸಾಲು ನಿಲ್ಲುವುದಿಲ್ಲ. ಫೂಟ್ ಬರೆದು ಹೋದ ಮೇಲೆ ಸುಮಾರು ನೂರು ವರ್ಷ ಗುಹೆಗೆ ಏನೂ ಆಗಲಿಲ್ಲ. ಯಾರೂ ಅಳೆಯಲಿಲ್ಲ, ಯಾರೂ ಅಗೆಯಲಿಲ್ಲ. 1982-83ರಲ್ಲಿ ಜರ್ಮನಿಯ ಗುಹಾಶೋಧಕ ಹರ್ಬರ್ಟ್ ಡೇನಿಯಲ್ ಗೆಬಾವರ್ ಟೇಪು ಹಿಡಿದು ಬರುವವರೆಗೆ ಇದು ನೂರು ಮೀಟರ್ ಗವಿಯೋ ಮೂರು ಕಿಲೋಮೀಟರ್ ಗವಿಯೋ ಎಂದು ಕಾಗದದ ಮೇಲೆ ತೋರಿಸುವಂತಿರಲಿಲ್ಲ. ಹಾಗಿದ್ದರೆ ಫೂಟ್ ಕಂಡದ್ದೇನು, ಗೆಬಾವರ್ ಕಂಡದ್ದೇನು, ಊರಿನವರಿಗೆ ಮೊದಲಿಂದ ಗೊತ್ತಿದ್ದದ್ದೇನು? ಒಬ್ಬೊಬ್ಬರೂ ಒಂದೊಂದು ಪ್ರಶ್ನೆ ಹೊತ್ತು ಆ ಗುಂಡಿಯ ಅಂಚಿಗೆ ಬಂದರು, ಆ ಪ್ರಶ್ನೆಗೆ ಸಿಗುವಷ್ಟೇ ಉತ್ತರ ತೆಗೆದುಕೊಂಡು ಹೋದರು ಅಂತ ನನಗನಿಸುತ್ತದೆ. ಗವಿಯ ಚರಿತ್ರೆಯನ್ನು ಇಸವಿಗಳಿಗಿಂತ ಈ ಪ್ರಶ್ನೆಗಳ ಸರದಿಯಲ್ಲಿ ನೋಡುವುದೇ ಸರಿ.

ಅಡುಗೆಮನೆ ಕಟ್ಟೆಯ ಕಲ್ಲು

ಮೊದಲು ಕಲ್ಲಿನ ಮಾತು. ಬೆಂಗಳೂರಿನ ಹಳೆಯ ಮನೆಗಳ ಅಡುಗೆಮನೆಯಲ್ಲಿ, ಅಟ್ಟದ ಹಲಗೆಯಲ್ಲಿ, ಬಚ್ಚಲ ಪಕ್ಕದ ಒಗೆಯುವ ಕಟ್ಟೆಯಲ್ಲಿ ಕಾಣುವ ಕಪ್ಪು ಕಡಪ ಕಲ್ಲು ಇದೆಯಲ್ಲ, ಬೆಲುಂ ಗುಹೆ ಕೊರೆದುಕೊಂಡಿರುವುದು ಅದೇ ಜಾತಿಯ ಕಲ್ಲಿನಲ್ಲಿ. ಭೂವಿಜ್ಞಾನಿಗಳು ಇದನ್ನು ನಾರ್ಜಿ ಸುಣ್ಣಕಲ್ಲು ಎನ್ನುತ್ತಾರೆ. ಕರ್ನೂಲು ಶಿಲಾಸಮೂಹಕ್ಕೆ ಸೇರಿದ್ದು. 54 ಕೋಟಿ ವರ್ಷಕ್ಕಿಂತ ಹಳೆಯದು, ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರು ಗಟ್ಟಿಯಾಗಿ ಆದದ್ದು. ಚಿಪ್ಪಿನ ಪ್ರಾಣಿಗಳು ಹರಡುವ ಮೊದಲಿನ ಕಾಲದ್ದಾದ್ದರಿಂದ ಶಂಖ, ಕಪ್ಪೆಚಿಪ್ಪು ಹುಡುಕಿದರೆ ಸಿಗುವುದಿಲ್ಲ. ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ ಇಂಥದೇ ಚಪ್ಪಟೆ ಪದರದ ಸುಣ್ಣಕಲ್ಲು.

ಕಡಪ ಕಲ್ಲಿನ ಕಟ್ಟೆಯ ಮೇಲೆ ನಿಂಬೆಹಣ್ಣು ಹೆಚ್ಚಿ ಒರೆಸದೆ ಬಿಟ್ಟರೆ ಮರುದಿನ ಅಲ್ಲಿ ಹೊಳಪು ಹೋಗಿ ಮಾಸಲು ಕಲೆ ಉಳಿದಿರುತ್ತದೆ. ಎಣ್ಣೆ ತಿಕ್ಕಿದರೆ ಕಪ್ಪಗಾಗುತ್ತದೆ, ಆದರೆ ಕಲೆ ಪೂರ್ತಿ ಹೋಗುವುದಿಲ್ಲ, ಯಾಕೆಂದರೆ ಅದು ಅಂಟಿದ ಕೊಳೆಯಲ್ಲ, ಕಲ್ಲೇ ಅಷ್ಟು ಕರಗಿರುತ್ತದೆ. ಬೆಲುಂನಲ್ಲಿ ನಡೆದದ್ದೂ ಇದೇ, ನಿಂಬೆರಸದ ಬದಲು ತೀರಾ ಸಪ್ಪೆ ಹುಳಿಯ ಮಳೆನೀರಿನಿಂದ. ಹೊರಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಶೇ. 0.04ರಷ್ಟು. ಆ ಗಾಳಿಯಷ್ಟೇ ತಾಕಿದ ಒಂದು ಲೀಟರ್ ನೀರು ಹೆಚ್ಚೆಂದರೆ 50 ಮಿಲಿಗ್ರಾಂ ಆಸುಪಾಸು ಸುಣ್ಣಕಲ್ಲು ಕರಗಿಸೀತು. ಬೇರುಗಳು, ಕೊಳೆಯುವ ಎಲೆ, ಸೂಕ್ಷ್ಮಜೀವಿಗಳು ಉಸಿರಾಡುವ ಮಣ್ಣಿನೊಳಗೆ ಕಾರ್ಬನ್ ಡೈಆಕ್ಸೈಡ್ ಶೇ. 1ಕ್ಕೆ ಏರಿತು ಅಂತಿಟ್ಟುಕೊಳ್ಳಿ, ಆ ಮಣ್ಣಿನಿಂದ ಇಳಿದ ನೀರು ಸುಮಾರು ಮೂರು ಪಟ್ಟು ಕರಗಿಸುತ್ತದೆ. ಅಂದರೆ ಗುಹೆ ಕೊರೆಯುವ ಕೆಲಸ ಶುರುವಾಗುವುದು ಬಂಡೆಯಲ್ಲಲ್ಲ, ಅದರ ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿ. ಗುಹೆಯ ಮೇಲಿನ ಹೊಲವನ್ನು, ಗಿಡಗಂಟಿಯನ್ನು ಬಿಟ್ಟು ಗುಹೆಯನ್ನಷ್ಟೇ ಕಾಪಾಡುತ್ತೇವೆ ಅನ್ನುವುದು ಇದರಿಂದಾಗಿಯೇ ಅರ್ಥವಿಲ್ಲದ ಮಾತು.

ಕಲ್ಲಿನ ವಯಸ್ಸು ಬೇರೆ, ಗವಿಯ ವಯಸ್ಸು ಬೇರೆ. ಗೈಡುಗಳ ಬಾಯಲ್ಲಿ ಎರಡೂ ಸೇರಿ ಒಂದೇ ಅಂಕಿಯಾಗಿಬಿಡುತ್ತವೆ. ಸುಣ್ಣಕಲ್ಲು ಗಟ್ಟಿಯಾಗಿ ಬಹುಕಾಲ ಸುಮ್ಮನೆ ಮಲಗಿತ್ತು. ಅದು ಬಿರುಕು ಬಿಟ್ಟು, ಬಿರುಕಿಗೆ ನೀರು ನುಗ್ಗಿ, ಆ ನೀರಿಗೆ ಹೊರಹೋಗಲು ಒಂದು ದಾರಿ ಸಿಕ್ಕ ಮೇಲೆಯೇ ಗವಿ ಆರಂಭ. ಬಿರುಕಿನಲ್ಲಿ ನೀರು ತುಂಬಿಕೊಂಡೇ ಹರಿಯುತ್ತಿದ್ದಾಗ ಸುತ್ತಲಿನ ಕಲ್ಲು ಎಲ್ಲ ಕಡೆಯಿಂದಲೂ ಕರಗಿ ಕೊಳವೆಯಂಥ ದುಂಡನೆಯ ಹಾದಿ ಆಗುತ್ತದೆ. ನೀರಿನ ಮಟ್ಟ ಇಳಿದು ಮೇಲ್ಭಾಗ ಖಾಲಿಯಾದ ಮೇಲೆ ತಳ ಮಾತ್ರ ಕೊರೆದುಕೊಂಡು ಹೋಗಿ ಕಿರಿದಾದ ಕಾಲುವೆ ಬೀಳುತ್ತದೆ. ಇಂಥ ಗುಹೆಗಳ ಗೋಡೆಯಲ್ಲಿ ನುಣುಪಾದ, ಸಾಲುಸಾಲಾದ ತಟ್ಟೆಯಂಥ ತಗ್ಗುಗಳು ಕಂಡರೆ ಕೈ ದೀಪವನ್ನು ಗೋಡೆಗೆ ಓರೆಯಾಗಿ ಹಿಡಿದು ನೋಡಬೇಕು. ಪ್ರತಿ ತಗ್ಗಿನ ಒಂದು ಬದಿ ಕಡಿದಾಗಿ, ಇನ್ನೊಂದು ಬದಿ ಇಳಿಜಾರಾಗಿ ಇರುತ್ತದೆ. ಕಡಿದಾದ ಬದಿ ಇರುವ ಕಡೆಯಿಂದ ನೀರು ಬಂದದ್ದು. ತಗ್ಗು ಚಿಕ್ಕದಾದಷ್ಟೂ ನೀರಿನ ವೇಗ ಹೆಚ್ಚಿತ್ತು ಎಂದು ಲೆಕ್ಕ. ನೀರು ಬತ್ತಿ ಎಷ್ಟು ಕಾಲವಾಗಿದ್ದರೂ ಅದು ಹರಿದ ದಿಕ್ಕನ್ನು ಗೋಡೆ ಇಟ್ಟುಕೊಂಡಿರುತ್ತದೆ.

1884: ಎಲುಬು ಹುಡುಕುವವರ ಕಾಲ

ಫೂಟ್ ನಮಗೆ ಹೊರಗಿನವರಲ್ಲ. ಕರ್ನಾಟಕದ ಭೂವಿಜ್ಞಾನದ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಚಿನ್ನ ಸಿಗುವ ಹಸಿರು-ಕಪ್ಪು ಶಿಲೆಗಳ ಪಟ್ಟಿಗೆ ನಮ್ಮ ಧಾರವಾಡದ ಹೆಸರು ಕೊಟ್ಟವರು ಅವರೇ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಶಿಲಾಯುಗದ ನೆಲೆಯನ್ನು ವಿದ್ವಾಂಸರ ಗಮನಕ್ಕೆ ತಂದವರೂ ಅವರೇ. 1894ರಲ್ಲಿ ಶುರುವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಹೊಣೆ ಹೊತ್ತವರೂ ಹೌದು. ಅದಕ್ಕೂ ಹಿಂದೆ, 1863ರಲ್ಲಿ, ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಅವರಿಗೆ ಸಿಕ್ಕ ಕಲ್ಲಿನ ಕೊಡಲಿ ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಬಾಗಿಲು ತೆರೆಯಿತು.

ಆ ಕೊಡಲಿಯನ್ನು ನೆನಪಿಟ್ಟುಕೊಂಡರೆ 1884 ಅರ್ಥವಾಗುತ್ತದೆ. ಆಗ ಯುರೋಪಿನ ಗುಹೆಗಳಲ್ಲಿ ಅಳಿದುಹೋದ ಪ್ರಾಣಿಗಳ ಎಲುಬಿನ ಜೊತೆಗೇ ಮನುಷ್ಯ ಮಾಡಿದ ಕಲ್ಲಿನ ಹತಾರ ಸಿಗುತ್ತಿತ್ತು. ಮನುಷ್ಯ ಎಷ್ಟು ಹಳಬ ಅನ್ನುವ ಜಗಳದ ತೀರ್ಮಾನ ಗುಹೆಗಳ ನೆಲದಲ್ಲಿ ಆಗುತ್ತಿತ್ತು. ಭಾರತದ ಗುಹೆಗಳನ್ನೂ ಅಗೆದು ನೋಡಬೇಕು ಎಂದು ಇಂಗ್ಲೆಂಡಿನಿಂದ ಜೀವವಿಜ್ಞಾನಿ ಟಿ. ಎಚ್. ಹಕ್ಸ್ಲಿ ಸೂಚಿಸಿದರು. ಮದರಾಸಿನ ಗವರ್ನರ್ ಗ್ರಾಂಟ್ ಡಫ್ ಆ ಕೆಲಸವನ್ನು ಫೂಟ್‌ಗೆ ವಹಿಸಿದರು. ಕರ್ನೂಲು ಸೀಮೆಯಲ್ಲಿ ಎಲುಬು ಸಿಗುತ್ತದೆ ಎಂದು ಕ್ಯಾಪ್ಟನ್ ನ್ಯೂಬೋಲ್ಡ್ 1844ರಷ್ಟು ಹಿಂದೆಯೇ ಬರೆದಿದ್ದರು, ಬೇತಂಚರ್ಲ ಹತ್ತಿರದ ಬಿಲ್ಲಸುರ್ಗಂ ಗವಿಗಳ ಬಗ್ಗೆ. ಫೂಟ್ ಅಲ್ಲಿಗೆ ಹೋದರು. ಆಮೇಲೆ ಅವರ ಮಗ, ಸೇನೆಯಲ್ಲಿದ್ದ ಹೆನ್ರಿ ಫೂಟ್, ಅಗೆತ ಮುಂದುವರಿಸಿದರು. ಸಿಕ್ಕ ಎಲುಬುಗಳನ್ನು ಪರೀಕ್ಷಿಸಿದ ರಿಚರ್ಡ್ ಲಿಡೆಕರ್ ಅವುಗಳಲ್ಲಿ ಒಂದು ಖಡ್ಗಮೃಗಕ್ಕೆ ಕರ್ನೂಲಿನ ಹೆಸರನ್ನೇ ಇಟ್ಟರು: ರೈನೋಸೆರಸ್ ಕರ್ನೂಲಿಯೆನ್ಸಿಸ್.

ಬಿಲ್ಲಸುರ್ಗಂ ಮೇಲ್ಛಾವಣಿ ಕುಸಿದು ತೆರೆದುಕೊಂಡ ಕಂದಕಗಳ ಅಂಚಿನ ಗವಿ. ಬೆಳಕು ಬೀಳುತ್ತದೆ, ನೆರಳಿದೆ. ಪ್ರಾಣಿಗಳೂ ಮನುಷ್ಯರೂ ಬಂದು ಇರುವಂಥ ಜಾಗ. ಮಣ್ಣು ಪದರ ಪದರವಾಗಿ ತುಂಬಿ ಎಲುಬು ಉಳಿಸಿದೆ. ಬೆಲುಂ ಹಾಗಲ್ಲ. ನೆಟ್ಟಗೆ ಗುಂಡಿಗೆ ಇಳಿಯಬೇಕು, ಹತ್ತಾರು ಹೆಜ್ಜೆಗೆ ಬೆಳಕು ಸತ್ತುಹೋಗುತ್ತದೆ. ಮನುಷ್ಯ ಎಷ್ಟು ಹಳಬ ಎಂದು ಕೇಳುತ್ತಾ ಬಂದವರಿಗೆ ಬೆಲುಂ ಹೇಳುವುದು ಕಡಿಮೆ. ಅದಕ್ಕೇ ಬಿಲ್ಲಸುರ್ಗಂಗೆ ಅಗೆತ ಸಿಕ್ಕಿತು, ಬೆಲುಂಗೆ ಉಲ್ಲೇಖ ಸಿಕ್ಕಿತು. ಇದರಲ್ಲಿ ಫೂಟ್ ಅವರ ತಪ್ಪು ನನಗೆ ಕಾಣುವುದಿಲ್ಲ. ಅವರು ಕೇಳಿದ ಪ್ರಶ್ನೆಗೆ ಸರಿಯಾದ ಗುಹೆಯನ್ನೇ ಆರಿಸಿಕೊಂಡರು. ಆ ಆಯ್ಕೆ ಎಷ್ಟು ಸರಿಯಿತ್ತು ಎಂದರೆ, ಶತಮಾನದ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ಮತ್ತೆ ಅದೇ ಬಿಲ್ಲಸುರ್ಗಂಗೆ ಹೋಗಿ ಅಗೆದರು. ಕಳೆದ 2 ಲಕ್ಷ ವರ್ಷಗಳಲ್ಲಿ ಈ ಸೀಮೆಯ ದೊಡ್ಡ ಪ್ರಾಣಿಗಳು ಬಹುಪಾಲು ಅಳಿಯದೆ ಉಳಿದುಕೊಂಡು ಬಂದಿವೆ ಎಂಬ ಮುಖ್ಯವಾದ ತೀರ್ಮಾನ ಹೊರಬಂದದ್ದು ಆ ಎಲುಬುಗಳಿಂದ.

ಅದೇ 1884ರಲ್ಲಿ, ಈಗಿನ ಸ್ಲೊವೇನಿಯಾದ ಪೋಸ್ತೊಯ್ನಾ ಸುಣ್ಣಕಲ್ಲು ಗುಹೆಗೆ ವಿದ್ಯುತ್ ದೀಪ ಬಂತು. ಅಲ್ಲಿ ಲೂಕಾ ಚೆಚ್ ಎಂಬ ಸ್ಥಳೀಯ ಕೆಲಸಗಾರ 1818ರಲ್ಲಿ ಒಳಭಾಗ ಕಂಡಿದ್ದ, ಮರುವರ್ಷವೇ ಜನರಿಗೆ ತೆರೆದಿದ್ದರು, 1872ರಲ್ಲಿ ಒಳಗೆ ಹಳಿಯನ್ನೂ ಹಾಕಿದ್ದರು. ಒಂದೇ ವರ್ಷ ಒಂದು ಗುಹೆ ವಿದ್ಯುತ್ ದೀಪದಲ್ಲಿ ಬೆಳಗಿತು, ಇನ್ನೊಂದು ಸರ್ಕಾರಿ ವರದಿಯಲ್ಲಿ ಹೆಸರಾಗಿ ಉಳಿಯಿತು. ಅಲ್ಲಿ ಗುಹೆಗೆ ಕೇಳಿದ ಪ್ರಶ್ನೆ ನೋಡಲು ಏನಿದೆ ಎಂಬುದು. ಇಲ್ಲಿ ಆ ಪ್ರಶ್ನೆ ಕೇಳುವವರು ಬರಲು ಇನ್ನೂ ನೂರು ವರ್ಷ ಬೇಕಾಯಿತು.

ಟೇಪು, ಕಂಪಾಸು, ಒದ್ದೆ ಕಾಗದ

ಗೆಬಾವರ್ 1982 ಮತ್ತು 83ರಲ್ಲಿ ಮಾಡಿದ ಕೆಲಸಕ್ಕೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಜೊತೆಗಿದ್ದು ಆ ಕೆಲಸ ಮಾಡಿಕೊಟ್ಟ ಸುತ್ತಮುತ್ತಲಿನ ಊರಿನವರಿಗಂತೂ ಸಿಕ್ಕೇ ಇಲ್ಲ. ಬೆಲುಂನ ಉದ್ದ 3,229 ಮೀಟರ್ ಎಂದು ಎಲ್ಲರೂ ಸಲೀಸಾಗಿ ಹೇಳುತ್ತೇವೆ. ಆ ಅಂಕಿ ಹುಟ್ಟುವುದು ಹೇಗೆ ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು.

ಗುಹೆ ಅಳೆಯುವುದಕ್ಕೆ ಆ ಕಾಲದಲ್ಲಿ ಬೇಕಿದ್ದದ್ದು ಟೇಪು, ಕಂಪಾಸು, ಇಳಿಜಾರು ಅಳೆಯುವ ಕ್ಲೈನೋಮೀಟರ್, ಒದ್ದೆಯಾದರೂ ಬರೆಯಲು ಬರುವ ಕಾಗದ, ಪೆನ್ಸಿಲ್ಲು. ಗೋಡೆಯ ಮೇಲೊಂದು ಗುರುತು ಮಾಡಿ, ಅಲ್ಲಿಂದ ಮುಂದಿನ ತಿರುವಿನವರೆಗೆ ಕಾಣುವ ಇನ್ನೊಂದು ಗುರುತಿಗೆ ಟೇಪು ಎಳೆಯುತ್ತಾರೆ. ಪ್ರತಿ ಎಳೆತಕ್ಕೆ ಮೂರು ಅಂಕಿ: ದೂರ, ದಿಕ್ಕು, ಇಳಿಜಾರು. 20 ಮೀಟರ್ ಟೇಪು 12 ಡಿಗ್ರಿ ಕೆಳಮುಖವಾಗಿ ಹೋದರೆ ನಕ್ಷೆಯಲ್ಲಿ ಮುಂದಕ್ಕೆ ಹೋಗುವುದು 19.56 ಮೀಟರ್, ಕೆಳಗಿಳಿಯುವುದು 4.16 ಮೀಟರ್. ಅದರ ಜೊತೆ ಎಡಗೋಡೆ ಎಷ್ಟು ದೂರ, ಬಲಗೋಡೆ ಎಷ್ಟು, ಚಾವಣಿ ಎಷ್ಟು ಎತ್ತರ, ನೆಲ ಎಷ್ಟು ಕೆಳಗೆ ಎಂದು ಬರೆದು ಅಲ್ಲೇ ಕೂತು ಹಾದಿಯ ಆಕಾರ ಗೀಚಬೇಕು. ಒಂದು ಎಳೆತ ಸರಾಸರಿ 10 ಮೀಟರ್ ಎಂದಿಟ್ಟುಕೊಂಡರೂ ಬೆಲುಂನಷ್ಟು ಉದ್ದಕ್ಕೆ 320ಕ್ಕೂ ಹೆಚ್ಚು ಗುರುತು, ಸಾವಿರದಷ್ಟು ಅಂಕಿ. ಇದೆಲ್ಲ ಬೆವರು ಸುರಿಯುವ, ಮಂಡಿಯುದ್ದ ಕೆಸರಿರುವ, ಎಷ್ಟೋ ಕಡೆ ತೆವಳಿಕೊಂಡೇ ಹೋಗಬೇಕಾದ ಕತ್ತಲಲ್ಲಿ.

ತಪ್ಪು ಎಲ್ಲಿ ಆಗುತ್ತದೆ? ದಿಕ್ಕಿನಲ್ಲಿ. ಕಂಪಾಸಿನ ಓದು 1 ಡಿಗ್ರಿ ತಪ್ಪಿದರೆ 100 ಮೀಟರಿಗೆ 1.75 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಒಬ್ಬೊಬ್ಬ ಓದುಗನ ಕೈತಪ್ಪು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಆಗಿ ಒಂದನ್ನೊಂದು ಹೊಡೆದುಹಾಕುತ್ತದೆ. ಆದರೆ ಹೆಲ್ಮೆಟ್ಟಿನ ದೀಪದ ಬ್ಯಾಟರಿಯೋ ಕಬ್ಬಿಣದ ಬಕಲೋ ಕಂಪಾಸಿನ ಮುಳ್ಳನ್ನು ಎಳೆಯುತ್ತಿದ್ದರೆ ಪ್ರತಿ ಅಂಕಿಯೂ ಒಂದೇ ಕಡೆಗೆ ತಪ್ಪುತ್ತಾ ಹೋಗುತ್ತದೆ, ಇಡೀ ನಕ್ಷೆಯೇ ತಿರುಗಿಬಿಡುತ್ತದೆ. ಇದಕ್ಕೆ ಮದ್ದು ಎರಡು. ಒಂದು, ಪ್ರತಿ ಎಳೆತವನ್ನು ಮುಂದಿನಿಂದಲೂ ಹಿಂದಿನಿಂದಲೂ ಓದುವುದು. ಎರಡು ಓದುಗಳ ನಡುವೆ 180 ಡಿಗ್ರಿ ಬರದಿದ್ದರೆ ಅಲ್ಲೇ ನಿಂತು ಮತ್ತೆ ಓದುವುದು. ಇನ್ನೊಂದು, ಗುಹೆಯ ಹಾದಿ ಸುತ್ತಿಕೊಂಡು ಮತ್ತೆ ಮೊದಲಿನ ಜಾಗಕ್ಕೇ ಬಂದು ಸೇರುವ ಕಡೆ ಲೆಕ್ಕವೂ ಬಂದು ಸೇರುತ್ತದೆಯೇ ಎಂದು ನೋಡುವುದು. ಸೇರದೆ ಉಳಿದ ಅಂತರವೇ ಆ ತಂಡದ ಪ್ರಾಮಾಣಿಕ ಅಂಕಪಟ್ಟಿ. ಒಳ್ಳೆಯ ದರ್ಜೆಯ ಗುಹಾನಕ್ಷೆ ಎನಿಸಿಕೊಳ್ಳಲು ಕೋನ 1 ಡಿಗ್ರಿಯೊಳಗೆ, ಗುರುತಿನ ಜಾಗ 10 ಸೆಂ.ಮೀ. ಒಳಗೆ ನಿಖರವಾಗಿರಬೇಕು ಎಂಬುದು ಬ್ರಿಟನ್ನಿನ ಗುಹಾಶೋಧಕರು ಇಟ್ಟುಕೊಂಡ ಅಳತೆಗೋಲು.

ಇಷ್ಟು ಮಾಡಿದ ಮೇಲೆಯೇ ಬೆಲುಂ ಬರೀ ಗುಂಡಿಯಾಗಿ ಉಳಿಯಲಿಲ್ಲ. ಯಾವ ಹಾದಿ ಎಲ್ಲಿ ಕವಲೊಡೆಯುತ್ತದೆ, ಯಾವುದು ಯಾವ ಹೊಲದ ಕೆಳಗೆ ಬರುತ್ತದೆ, ಗಾಳಿಗೆ ರಂಧ್ರ ಕೊರೆಯುವುದಾದರೆ ಮೇಲೆ ಎಲ್ಲಿ ನಿಲ್ಲಬೇಕು ಎಂದು ಹೇಳುವ ಕಾಗದ ಸಿಕ್ಕಿತು. ಎಂಜಿನಿಯರು, ಗುತ್ತಿಗೆದಾರ, ಇಲಾಖೆ ಎಲ್ಲ ಬರುವುದು ಇಂಥ ಕಾಗದ ಇದ್ದಾಗಲೇ.

ಕಸದ ಗುಂಡಿಯಿಂದ ಟಿಕೆಟ್ ಕೌಂಟರಿಗೆ

ನಡುವಿನ ವರ್ಷಗಳಲ್ಲಿ ಈ ಗುಂಡಿಗಳು ಸುತ್ತಲಿನವರಿಗೆ ಕಸ ಸುರಿಯುವ ಜಾಗವೂ ಆಗಿದ್ದವು. ನಮ್ಮ ಕಡೆ ಹಳೇ ಕಲ್ಲುಗಣಿಗೆ, ಬತ್ತಿದ ಬಾವಿಗೆ ಆಗುವ ಗತಿಯೇ. 1988ರಲ್ಲಿ ರಾಜ್ಯ ಸರ್ಕಾರ ಗುಹೆಗೆ ರಕ್ಷಣೆ ಘೋಷಿಸಿತು. ಕಸ, ಹೂಳು ತೆಗೆದು ಇದನ್ನು ನೋಡುವ ಹಾಗೆ ಮಾಡಿ ಎಂದು ಒತ್ತಾಯ ಹಿಡಿದವರು, ಕೈ ಹಾಕಿದವರು ಸ್ಥಳೀಯರೇ. 1999ರಲ್ಲಿ ಆಂಧ್ರಪ್ರದೇಶ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ವಹಿಸಿಕೊಂಡಿತು, 2002ರ ಫೆಬ್ರವರಿಯಲ್ಲಿ ಜನರಿಗೆ ತೆರೆಯಿತು. ಅಳೆದ ಉದ್ದದಲ್ಲಿ ನಡೆದು ನೋಡಲು ಬರುವುದು ಸುಮಾರು 1.5 ಕಿ.ಮೀ.

ಗುಹೆ ತೆರೆಯುವುದೆಂದರೆ ದೀಪ ಹಾಕುವುದು ಎಂದು ಅಂದುಕೊಳ್ಳುತ್ತೇವೆ. ದೀಪ ಕೊನೆಯ ಕೆಲಸ. ಮೊದಲನೆಯದು ಹೂಳು. ತೆವಳುವ ಹಾದಿಯನ್ನು ನಡೆಯುವ ಹಾದಿ ಮಾಡಬೇಕೆಂದರೆ ಶತಮಾನಗಳಿಂದ ನೆರೆನೀರು ತಂದು ತುಂಬಿದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಗುಂಡಿಯ ಬಾಯಿಯವರೆಗೆ ತಂದು ಮೇಲೆತ್ತಬೇಕು. ಇಲ್ಲಿ ಒಂದು ನಷ್ಟವೂ ಇದೆ, ಅದನ್ನು ಹೇಳದೆ ಬಿಡಲಾರೆ. ಹೂಳೇ ಗುಹೆಯ ದಫ್ತರ. ಯಾವ ಕಾಲದಲ್ಲಿ ನೆರೆ ಬಂತು, ಮೇಲಿನ ನೆಲದಲ್ಲಿ ಯಾವ ಗಿಡಗಳಿದ್ದವು ಎಂದು ಪರಾಗದಿಂದ, ಇದ್ದಿಲಿನಿಂದ, ಎಲುಬಿನಿಂದ ಹೇಳಬಲ್ಲ ಪದರಗಳು ಅವು. ಒಂದು ಸಲ ಸಲಿಕೆ ಬಿದ್ದರೆ ಆ ಕ್ರಮ ಮತ್ತೆ ಸಿಗದು. ಹಾದಿ ಬೇಕೇ ಬೇಕು ಎನ್ನುವ ಕಡೆಯೂ ಒಂದು ಪಕ್ಕದಲ್ಲಿ ಒಂದೆರಡು ಮೀಟರ್ ಅಗಲದ ಹೂಳನ್ನು ಮುಟ್ಟದೆ ನಿಲ್ಲಿಸಿಬಿಡುವುದು ಸರಿಯಾದ ಪದ್ಧತಿ.

ಆಮೇಲೆ ಮೆಟ್ಟಿಲು, ಸೇತುವೆ, ಹಾದಿ, ಆಮೇಲೆ ಗಾಳಿ, ಆಮೇಲೆ ಹೆಸರು. ಸಿಂಹದ ತಲೆಯಂಥ ಕಮಾನಿಗೆ ಸಿಂಹದ್ವಾರ, ಲಿಂಗಗಳಂಥ ಗುಂಪಿಗೆ ಕೋಟಿಲಿಂಗ, ಹೆಡೆಗಳಂಥ ಚಾವಣಿಗೆ ಸಾವಿರ ಹೆಡೆ, ಬಿಳಲು ಬಿಟ್ಟಂತೆ ಕಾಣುವುದಕ್ಕೆ ಆಲದ ಮರ. ಈ ಹೆಸರುಗಳ ಬಗ್ಗೆ ನನ್ನ ತಕರಾರಿಲ್ಲ. ಕತ್ತಲಲ್ಲಿ ದಾರಿ ನೆನಪಿಡಲು ಹೆಸರು ಬೇಕು. ಆದರೆ ಚಾವಣಿ ನೋಡುವಾಗ ಹೆಡೆ ಹುಡುಕುವುದರ ಜೊತೆಗೆ ಬಿರುಕನ್ನೂ ಹುಡುಕಿ. ತೂಗುವ ಸುಣ್ಣದ ಕೊಳವೆಗಳು, ಅಂದರೆ ಸ್ಟ್ಯಾಲಕ್ಟೈಟುಗಳು, ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಬಿರುಕಿನ ಗೆರೆಯುದ್ದಕ್ಕೆ ಸಾಲಾಗಿ ಹುಟ್ಟುತ್ತವೆ, ಯಾಕೆಂದರೆ ನೀರಿಗೆ ಇಳಿಯಲು ಇರುವ ದಾರಿ ಅದೊಂದೇ. ಮಣ್ಣಿನಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡು ಕಲ್ಲು ಕರಗಿಸುತ್ತಾ ಬಂದ ಹನಿ ಗುಹೆಯ ಗಾಳಿಗೆ ಬಂದಾಗ ಆ ಅನಿಲವನ್ನು ಬಿಟ್ಟುಕೊಡುತ್ತದೆ. ಆಗ ಹೊತ್ತು ತಂದ ಸುಣ್ಣವನ್ನು ಹಿಡಿದಿಡಲಾರದೆ ಹನಿಯ ಅಂಚಿನಲ್ಲಿ ಒಂದು ತೆಳು ಉಂಗುರವಾಗಿ ಇಳಿಸುತ್ತದೆ. ಮೊದಲು ಆಗುವ ಕೊಳವೆಯ ದಪ್ಪ ಸುಮಾರು 5 ಮಿ.ಮೀ., ಒಂದು ಹನಿಯ ಅಗಲದಷ್ಟೇ. ಬೆಳೆಯುವ ವೇಗ ಸಾಮಾನ್ಯವಾಗಿ ವರ್ಷಕ್ಕೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು. ಸೆಲ್ಫಿಗೆ ಕೈ ಊರಿ ಒಂದು ಗೇಣು ಮುರಿದರೆ ಅದು ಸಾವಿರಾರು ವರ್ಷದ ಮಾತು. ಮುರಿಯದೆ ಬರೀ ಮುಟ್ಟಿದರೂ ಕೈಯ ಜಿಡ್ಡು ಕೂತು ಮುಂದಿನ ಪದರ ಹಿಡಿಯದೆ ಅಲ್ಲಿ ಕಪ್ಪು ಕಲೆ ನಿಲ್ಲುತ್ತದೆ.

ಬೊರ್ರಾ ಗುಹೆ ನೋಡಿ ಬಂದವರು ಬೆಲುಂನಲ್ಲಿ ಇವು ಇಷ್ಟು ಕಡಿಮೆ ಯಾಕೆ ಎಂದು ಕೇಳುತ್ತಾರೆ. ಮಳೆ ಕಡಿಮೆ. ಅನಂತಪುರದ ಸುತ್ತ ವರ್ಷಕ್ಕೆ 550 ಮಿ.ಮೀ. ಆಸುಪಾಸು. ಮೇಲಿನ ಮಣ್ಣು ತೆಳು, ಗಿಡ ವಿರಳ, ಇಳಿಯುವ ನೀರೂ ಅದರ ಹುಳಿಯೂ ಎರಡೂ ಕಡಿಮೆ. ಬೆಲುಂನ ಸೌಂದರ್ಯ ತೂಗುವ ಕಲ್ಲಿನಲ್ಲಿಲ್ಲ, ನೀರು ನುಣ್ಣಗೆ ಮಾಡಿ ಬಿಟ್ಟುಹೋದ ಗೋಡೆಯ ಬಳುಕಿನಲ್ಲಿದೆ.

2006ರಲ್ಲಿ ತೆರೆದ ಸಪ್ತಸ್ವರ ಗುಹೆಯಲ್ಲಿ ಕಲ್ಲನ್ನು ತಟ್ಟಿದರೆ ಲೋಹದಂಥ ನಾದ ಬರುತ್ತದೆ. ಒತ್ತಾಗಿ ಬೆಳೆದ, ತೆಳುವಾದ ಕ್ಯಾಲ್ಸೈಟ್ (ಸುಣ್ಣಕಲ್ಲಿನ ಮುಖ್ಯ ಖನಿಜ) ಫಲಕ ಒಂದು ಅಂಚಿನಲ್ಲಷ್ಟೇ ಹಿಡಿದು ತೂಗುತ್ತಿದ್ದರೆ ಅದು ಕಂಪಿಸುತ್ತದೆ. ಉದ್ದ, ದಪ್ಪ ಬದಲಾದ ಹಾಗೆ ಸ್ವರ ಬದಲಾಗುತ್ತದೆ. ಕ್ಯಾಲ್ಸೈಟ್ ಸೀಳುವ ಗುಣದ ಖನಿಜ, ಪ್ರತಿ ಪೆಟ್ಟಿಗೂ ಕಣ್ಣಿಗೆ ಕಾಣದ ಬಿರುಕು ಬೆಳೆಯುತ್ತದೆ. ಆ ನಾದವನ್ನು ಒಮ್ಮೆ ಚೆನ್ನಾಗಿ ಧ್ವನಿಮುದ್ರಿಸಿ ಅಲ್ಲೇ ಕೇಳಿಸಿದರೆ ಸಾಕು. ದಿನವೂ ತಟ್ಟುವ ಅಗತ್ಯವಿಲ್ಲ.

ಸೆಕೆಯ ಲೆಕ್ಕ

ಬೆಲುಂನಿಂದ ಹೊರಬರುವವರ ಬಟ್ಟೆ ನೋಡಿದರೆ ಸಾಕು, ಮಳೆಯಲ್ಲಿ ನೆಂದವರಂತೆ ಇರುತ್ತಾರೆ. "ಏನಣ್ಣಾ, ಗವಿ ಅಂದ್ರೆ ತಂಪಿರಬೇಕಲ್ವಾ?" ಎಂದು ಬಳ್ಳಾರಿ ಕಡೆಯ ಹೆಂಗಸೊಬ್ಬರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಗೈಡನ್ನು ಕೇಳಿದ್ದು ನೆನಪಿದೆ. "ನಡೀರಿ ಅಕ್ಕಾ, ಮುಂದೆ ಗಾಳಿ ಪೈಪ್ ಇದೆ" ಎಂದಷ್ಟೇ ಆತ ಹೇಳಿದ. ಪ್ರಶ್ನೆ ಮಾತ್ರ ಬಹಳ ಒಳ್ಳೆಯದು. ಆಳದ ಗುಹೆಯ ಉಷ್ಣಾಂಶ ಹೊರಗಿನ ಇಡೀ ವರ್ಷದ ಸರಾಸರಿಗೆ ಹತ್ತಿರ ನಿಲ್ಲುತ್ತದೆ. ಪೋಸ್ತೊಯ್ನಾದಲ್ಲಿ ಆ ಸರಾಸರಿ 10 ಡಿಗ್ರಿಯಷ್ಟು, ಅಲ್ಲಿ ಬೇಸಿಗೆಯಲ್ಲೂ ಸ್ವೆಟರ್ ಬೇಕು. ರಾಯಲಸೀಮೆಯ ಸರಾಸರಿ 28 ಡಿಗ್ರಿ ಆಸುಪಾಸು. ಅದೊಂದೇ ಆಗಿದ್ದರೆ ತಡೆಯಬಹುದು. ಒಳಗಿನ ಗಾಳಿ ತೇವದಿಂದ ತುಂಬಿರುವುದರಿಂದ ಬೆವರು ಆರುವುದಿಲ್ಲ, ಆರದ ಬೆವರು ಮೈ ತಣಿಸುವುದಿಲ್ಲ. ಹತ್ತಿಯ ಬಟ್ಟೆ, ಜಾರದ ಚಪ್ಪಲಿ, ಒಂದು ಬಾಟಲಿ ನೀರು ಬೇಕೇ ಬೇಕು. ಉಬ್ಬಸ, ಹೃದಯದ ತೊಂದರೆ ಇರುವವರು ಕೊನೆಯವರೆಗೆ ಹೋಗದೆ ಮೊದಲ ದೊಡ್ಡ ಅಂಕಣಗಳಲ್ಲೇ ತಿರುಗುವುದು ಒಳ್ಳೆಯದು.

ಇಲ್ಲಿ ನಮ್ಮ ಪಾಲೂ ಇದೆ. ನಡೆಯುವ ಒಬ್ಬ ಮನುಷ್ಯ 100 ವ್ಯಾಟಿಗೂ ಹೆಚ್ಚು ಶಾಖ ಬಿಡುತ್ತಾನೆ, ಗಂಟೆಗೆ ಸುಮಾರು 25 ಲೀಟರ್ ಕಾರ್ಬನ್ ಡೈಆಕ್ಸೈಡ್ ಉಸಿರಿನಲ್ಲಿ ಹೊರಹಾಕುತ್ತಾನೆ. 100 ಮೀಟರ್ ಉದ್ದ, 5 ಮೀಟರ್ ಅಗಲ, 4 ಮೀಟರ್ ಎತ್ತರದ ಹಾದಿಯಲ್ಲಿ ಇರುವ ಗಾಳಿ 2,000 ಘನ ಮೀಟರ್. ಅದರಲ್ಲಿ ನೂರು ಜನ ಒಂದು ಗಂಟೆ ಇದ್ದರೆ 2.5 ಘನ ಮೀಟರ್ ಅನಿಲ ಸೇರುತ್ತದೆ, ಅಂದರೆ ದಶಲಕ್ಷಕ್ಕೆ 1,250 ಭಾಗ ಹೆಚ್ಚಳ. ಗಾಳಿಯಾಡದಿದ್ದರೆ, ಮೊದಲೇ ಇರುವ 400ರಷ್ಟೂ ಸೇರಿ, ಎರಡು ಗಂಟೆಯಲ್ಲಿ 2,900 ದಾಟುತ್ತದೆ. ನ್ಯೂಜಿಲೆಂಡಿನ ವೈಟೋಮೊ ಗುಹೆಯಲ್ಲಿ 2,400 ಅನ್ನು ಮಿತಿಯಾಗಿ ಇಟ್ಟುಕೊಂಡಿದ್ದಾರೆ. ಆ ಮಿತಿ ನಮ್ಮ ಶ್ವಾಸಕೋಶಕ್ಕಾಗಿ ಅಲ್ಲ, ಕಲ್ಲಿಗಾಗಿ. ಅನಿಲ ಹೆಚ್ಚಾದರೆ ಗೋಡೆಯ ಮೇಲೆ ಕೂತ ತೇವ ಹುಳಿಯಾಗಿ, ಸುಣ್ಣ ಇಳಿಸಬೇಕಾದ ನೀರು ಉಲ್ಟಾ ಸುಣ್ಣ ಕರಗಿಸಲು ಶುರು ಮಾಡುತ್ತದೆ. ಫ್ರಾನ್ಸಿನ ಲಾಸ್ಕೊ ಗುಹೆಯನ್ನು 1948ರಲ್ಲಿ ತೆರೆದವರು 1963ರಲ್ಲಿ ಮುಚ್ಚಬೇಕಾಗಿ ಬಂದದ್ದು ಜನರ ಉಸಿರು, ಬೆಳಕು, ತೇವ ಸೇರಿ ಮಾಡಿದ ಹಾನಿಯಿಂದ.

ಬೆಳಕಿನ ತೊಂದರೆ ಬೇರೆ ತರಹದ್ದು. ಸದಾ ಉರಿಯುವ ದೀಪದ ಸುತ್ತ ತೇವದ ಕಲ್ಲಿನ ಮೇಲೆ ಪಾಚಿ, ಹಾವಸೆ ಹಸಿರಾಗಿ ಹತ್ತಿಕೊಳ್ಳುತ್ತದೆ, ಅದು ಬಿಡುವ ಆಮ್ಲ ಕಲ್ಲು ತಿನ್ನುತ್ತದೆ. ಬಿಸಿಯಾಗದ ಎಲ್‌ಇಡಿ, ಗುಂಪು ಬಂದಾಗ ಹತ್ತಿ ಹೋದಾಗ ಆರುವ ಸ್ವಿಚ್ಚು, ಕಲ್ಲಿನಿಂದ ಸಾಕಷ್ಟು ದೂರ ಇಟ್ಟ ದೀಪ: ಇಷ್ಟು ಮಾಡಿದರೆ ಮುಕ್ಕಾಲು ಪಾಲು ತಡೆಯಬಹುದು. ನನ್ನ ಆಸೆ ಒಂದೇ. ಪ್ರದರ್ಶನಕ್ಕಿಟ್ಟ ಯಾವ ಗುಹೆಯಲ್ಲೇ ಆಗಲಿ, ಒಳಗಿನ ಉಷ್ಣಾಂಶ ಮತ್ತು ಕಾರ್ಬನ್ ಡೈಆಕ್ಸೈಡಿನ ಅಂಕಿ ಟಿಕೆಟ್ ದರದ ಬೋರ್ಡಿನ ಪಕ್ಕದಲ್ಲೇ ದಿನವೂ ಕಾಣಬೇಕು, ಮಿತಿ ದಾಟಿದರೆ ಮುಂದಿನ ಗುಂಪನ್ನು ಅರ್ಧ ಗಂಟೆ ಕಾಯಿಸಬೇಕು. ಕಾರಣ ಗೊತ್ತಾದರೆ ಜನ ಕಾಯುತ್ತಾರೆ.

ಪಾತಾಳಗಂಗೆ ಎಲ್ಲಿಗೆ ಹೋಗುತ್ತದೆ

ಜನ ನೋಡುವ ಹಾದಿಯ ಅತಿ ಆಳದ ಜಾಗ ಪಾತಾಳಗಂಗೆ, ನೆಲದಿಂದ 46 ಮೀಟರ್ ಕೆಳಗೆ. ಕಬ್ಬಿಣದ ಮೆಟ್ಟಿಲಿಳಿದು ಬಗ್ಗಿಕೊಂಡು ಹೋದರೆ ಒಂದು ಪುಟ್ಟ ತೊರೆ ಕಾಣುತ್ತದೆ. ಆಗ್ನೇಯದಿಂದ ವಾಯವ್ಯಕ್ಕೆ ಹರಿದು ಕಲ್ಲಿನ ಕೆಳಗೆ ಇಲ್ಲವಾಗುತ್ತದೆ. ಬೇಸಿಗೆಯಲ್ಲೂ ಬತ್ತದು. ಸುಮಾರು 2 ಕಿ.ಮೀ. ದೂರದ ಬೆಲುಂ ಊರಿನ ಬಾವಿಗೆ ಈ ನೀರು ಸೇರುತ್ತದೆ ಎಂದು ಅಲ್ಲಿನವರ ನಂಬಿಕೆ.

ಇಂಥ ನೀರಿನಲ್ಲಿ ಯಾರು ಬದುಕಿದ್ದಾರೆ ಎಂಬ ಪ್ರಶ್ನೆ ಆಂಧ್ರದಲ್ಲಿ ಈಚೆಗೆ ದೊಡ್ಡ ಉತ್ತರ ಕೊಟ್ಟಿದೆ. ಪಲ್ನಾಡಿನ ಗುತ್ತಿಕೊಂಡ ಗುಹೆಯ ನೀರಿನಲ್ಲಿ ಸಿಕ್ಕ ಕುರುಡು ಕಠಿಣಚರ್ಮಿ (ಏಡಿ, ಸಿಗಡಿಗಳ ಗುಂಪಿನ) ಜೀವಿಯೊಂದನ್ನು 2011ರಲ್ಲಿ ಆಂಧ್ರಾಕಾಯ್ಡಿಸ್ ಎಂಬ ಹೊಸ ಕುಲವಾಗಿ ವಿವರಿಸಿದರು. ಅದರ ಬಳಗ ಇರುವುದು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳಲ್ಲಿ. ಈ ಭೂಭಾಗಗಳೆಲ್ಲ ಒಂದಾಗಿದ್ದ ಗೊಂಡ್ವಾನ ಕಾಲದಿಂದ ಕತ್ತಲ ನೀರಿನಲ್ಲೇ ಉಳಿದು ಬಂದ ವಂಶ. ಗುಹೆಯ ತೊರೆಗೆ ಬಿಸ್ಕತ್ತಿನ ಪೊಟ್ಟಣ ಎಸೆಯುವವರಿಗೆ ಇದನ್ನು ಹೇಳಬೇಕು.

ಊರಿನ ನಂಬಿಕೆಯನ್ನು ಪರೀಕ್ಷಿಸುವುದು ಕಷ್ಟವಲ್ಲ, ಹತ್ತಿರದ ಕಾಲೇಜೊಂದು ಮಾಡಬಹುದಾದ ಕೆಲಸ. ಸುಣ್ಣಕಲ್ಲು ಸೀಮೆಯಲ್ಲಿ ನೀರಿನ ಹಾದಿ ಹಿಡಿಯಲು ಫ್ಲೋರೆಸೀನ್ ಎಂಬ ಬಣ್ಣ ಬಳಸುತ್ತಾರೆ. ಈ ಅಳತೆಯಲ್ಲಿ ಕುಡಿಯುವ ನೀರಿಗೆ ಅಪಾಯವಿಲ್ಲ. ಮೊದಲು ಸುತ್ತಲಿನ ಎಲ್ಲ ಬಾವಿ, ಕೊಳವೆಬಾವಿ, ಊಟೆಗಳ ಪಟ್ಟಿ ಮಾಡಿ, ಊರಿನವರಿಗೆ ಹೇಳಿ, ಪ್ರತಿಯೊಂದರಲ್ಲೂ ಸೊಳ್ಳೆಪರದೆಯ ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ತೆಂಗಿನ ಚಿಪ್ಪಿನ ಸಕ್ರಿಯ ಇದ್ದಿಲನ್ನು ಇಳಿಬಿಡಬೇಕು. ಒಂದು ವಾರದ ನಂತರ ತೆಗೆದು, ಬಣ್ಣ ಹಾಕುವ ಮೊದಲೇ ಅಲ್ಲಿ ಹೊಳೆಯುವ ವಸ್ತು ಏನಾದರೂ ಇದೆಯೇ ನೋಡಿಕೊಳ್ಳಬೇಕು. ಆಮೇಲೆ ಹೊಸ ಇದ್ದಿಲು ಇಟ್ಟು, ಮಳೆಗಾಲ ಮುಗಿದು ತೊರೆ ಚೆನ್ನಾಗಿ ಹರಿಯುವ ಅಕ್ಟೋಬರ್-ನವೆಂಬರಿನಲ್ಲಿ, ನೀರಿನಲ್ಲಿ ಕರಗಿಸಿಕೊಂಡ ಬಣ್ಣವನ್ನು ಪಾತಾಳಗಂಗೆ ಮರೆಯಾಗುವ ಜಾಗದಲ್ಲಿ ಸುರಿಯಬೇಕು. ಇಂಥ ಸಣ್ಣ ತೊರೆಗೆ ನೂರಿನ್ನೂರು ಗ್ರಾಂ ಧಾರಾಳ. ಹೆಚ್ಚಾದರೆ ಊರಿನ ಕೊಡದಲ್ಲಿ ಹಸಿರು ನೀರು ಬಂದು ಜನ ಹೆದರುತ್ತಾರೆ. ವಾರಕ್ಕೊಮ್ಮೆ ಇದ್ದಿಲು ಬದಲಿಸಿ, ತೆಗೆದದ್ದನ್ನು ಆಲ್ಕೋಹಾಲಿನಲ್ಲಿ ಕದಡಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿದರೆ ಹೀರಿಕೊಂಡ ಬಣ್ಣ ಹೊರಬರುತ್ತದೆ, ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ.

ಕೆಡುವುದು ಮೂರು ಕಡೆ. ಬಿಸಿಲಿಗೆ ಫ್ಲೋರೆಸೀನ್ ಒಡೆದುಹೋಗುತ್ತದೆ, ಹಾಗಾಗಿ ತೆರೆದ ಬಾವಿಯಲ್ಲಿ ಇದ್ದಿಲ ಚೀಲ ಆಳಕ್ಕೆ ಹೋಗಬೇಕು, ಮೇಲೆತ್ತಿದ ಕೂಡಲೇ ಕತ್ತಲ ಡಬ್ಬಿಗೆ ಬೀಳಬೇಕು. ಬಣ್ಣ ಸುರಿದವರ ಕೈಯಲ್ಲಿ, ಬಟ್ಟೆಯಲ್ಲಿ ಉಳಿದ ಒಂದು ಕಣವೂ ಸುಳ್ಳು ಫಲಿತಾಂಶ ಕೊಡಬಲ್ಲದು, ಆದ್ದರಿಂದ ಸುರಿಯುವವರೂ ಚೀಲ ತೆಗೆಯುವವರೂ ಬೇರೆಯೇ ಆಗಿರಬೇಕು, ಒಂದೇ ಜೀಪಿನಲ್ಲಿ ಕೂರಲೂಬಾರದು. ಇನ್ನು ಬಾವಿಯಲ್ಲಿ ಬಣ್ಣ ಕಾಣಲಿಲ್ಲ ಎಂದ ಮಾತ್ರಕ್ಕೆ ನಂಬಿಕೆ ಸುಳ್ಳಾಯಿತು ಎಂದು ಬರೆಯುವ ಹಾಗಿಲ್ಲ. ನೀರು ನಿಧಾನವಾಗಿ ಬರುತ್ತಿರಬಹುದು, ಜೇಡಿ ಬಣ್ಣವನ್ನು ಹಿಡಿದಿಟ್ಟುಕೊಂಡಿರಬಹುದು. ಕನಿಷ್ಠ ಒಂದು ಮಳೆಗಾಲ ದಾಟುವವರೆಗೆ ಚೀಲಗಳನ್ನು ಬದಲಿಸುತ್ತಾ ಇರಬೇಕು.